ಇಂಟರ್‌ನೆಟ್ ತೆವಳುತ್ತಿದೆಯೇ? ಮೊದಲು ಅಳೆಯಿರಿ, ಆಮೇಲೆ ಬೈಯಿರಿ

ಕಳೆದ ದಸರಾ ರಜೆಯಲ್ಲಿ ಮೈಸೂರಿನ ಕುವೆಂಪುನಗರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಏನೋ ಸರಿಯಿಲ್ಲ ಎನ್ನಿಸಿತು. ಅಕ್ಕನ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಯಾವಾಗಲೂ "ಮಾವ ಬಂದ್ರು" ಎಂದು ಗೇಟಿನ ತನಕ ಓಡಿಬರುವ ಹುಡುಗಿ ಅಂದು ಕೋಣೆಯಿಂದ ಹೊರಗೇ ಬರಲಿಲ್ಲ. ಭಾವ ಪೇಪರಿನಲ್ಲಿ ಮುಖ ಹುದುಗಿಸಿ ಕೂತಿದ್ದರು.

ಏನು ಸಮಾಚಾರ ಎಂದು ಅಡುಗೆಮನೆಯಲ್ಲಿ ಅಕ್ಕನನ್ನು ಕೇಳಿದೆ.

"ಅಪ್ಪ-ಮಗಳ ಜಗಳ ಕಣೋ. ಸಂಜೆ ಏಳಕ್ಕೆ ಅವಳಿಗೆ ನೀಟ್ ಪರೀಕ್ಷೆಯ ಆನ್‌ಲೈನ್ ಕ್ಲಾಸು. ದಿನಾ ನಡುವೆ ನಿಂತುಹೋಗುತ್ತೆ. ಮೊನ್ನೆ ಮಾದರಿ ಪರೀಕ್ಷೆಯೂ ಅರ್ಧಕ್ಕೇ ಕೈಕೊಡ್ತು. ಇವರು, ಹಗಲೆಲ್ಲ ಸಿನಿಮಾ ನೋಡಿ ನೆಟ್ ಖಾಲಿ ಮಾಡಿದರೆ ಇನ್ನೇನಾಗುತ್ತೆ ಅಂದುಬಿಟ್ಟರು. ಎರಡು ದಿನದಿಂದ ಅವಳು ಅಪ್ಪನ ಹತ್ತಿರ ಮಾತೇ ಬಿಟ್ಟಿದ್ದಾಳೆ."

ಭಾವನ ವಾದವೂ ಕೇಳುವಂತೆಯೇ ಇತ್ತು. "ನೂರು ಎಂಬಿಪಿಎಸ್ ಅಂತ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತಿದ್ದೀನಯ್ಯ. ಹಾಲಿನಲ್ಲಿ ನನ್ನ ಫೋನಿಗೆ ಚೆನ್ನಾಗೇ ಬರುತ್ತೆ. ಇವಳಿಗೆ ಮಾತ್ರ ಯಾಕೆ ಬರಲ್ಲ? ಒಂದೋ ಮುನ್ನೂರರ ಪ್ಲಾನ್ ಹಾಕಿಸಬೇಕು, ಇಲ್ಲಾ ವೈಫೈ ಕಿತ್ತೇ ಹಾಕಬೇಕು."

ಇಂಥ ಮಾತು ಈಗ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ನೆಟ್ ನಿಧಾನವಾದರೆ ಮೊದಲು ಮಕ್ಕಳ ಮೇಲೆ ಅನುಮಾನ, ಆಮೇಲೆ ಕಂಪನಿಯ ಮೇಲೆ ಬೈಗುಳ, ಕೊನೆಗೆ ಹೆಚ್ಚಿನ ದುಡ್ಡಿನ ಪ್ಲಾನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ. ಈಯಿತೋ ಇಲ್ಲವೋ ಎಂದು ನೋಡುವವರೇ ಇಲ್ಲ. ಆ ಮನೆಯಲ್ಲಿ ನಾವು ಮೂರು ದಿನ ಏನು ಮಾಡಿದೆವು ಎಂಬುದನ್ನೇ ಈ ವಾರ ಹೇಳುತ್ತೇನೆ. ನಿಮ್ಮ ಮನೆಗೂ ಉಪಯೋಗಕ್ಕೆ ಬಂದೀತು.

ನಲ್ಲಿಯ ನೀರಿನ ಲೆಕ್ಕ

ಬಚ್ಚಲಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ ಎನ್ನಿ. ಏನು ಮಾಡುತ್ತೀರಿ? ಬೀದಿಯ ಕೊಳಾಯಿಯಿಂದ ಸಂಪಿಗೆ ನೀರು ಬಂದಿದೆಯೇ ನೋಡುತ್ತೀರಿ. ಮೇಲಿನ ಟ್ಯಾಂಕ್ ತುಂಬಿದೆಯೇ ನೋಡುತ್ತೀರಿ. ಎರಡೂ ಸರಿಯಿದ್ದರೆ ದೋಷ ಪೈಪಿನಲ್ಲೋ ನಲ್ಲಿಯಲ್ಲೋ ಇರಬೇಕು. ಇಂಟರ್‌ನೆಟ್ಟಿಗೂ ಇದೇ ನ್ಯಾಯ.

ಅಕ್ಕನ ಮನೆಯದು ಕೇಬಲ್ ಇಂಟರ್‌ನೆಟ್. ಟಿವಿ ಚಾನೆಲ್‌ಗಳನ್ನು ತರುವ ದಪ್ಪ ಕಪ್ಪು ಕೇಬಲ್ಲಿನಲ್ಲೇ ಕಂಪ್ಯೂಟರಿನ ಮಾಹಿತಿಯೂ ಹರಿದುಬರುತ್ತದೆ. ಇದಕ್ಕೆ ಬೇಕಾದ ನಿಯಮಾವಳಿಯನ್ನು ಅಮೆರಿಕದ ಕೇಬಲ್‌ಲ್ಯಾಬ್ಸ್ ಸಂಸ್ಥೆ 1997ರಲ್ಲಿ ರೂಪಿಸಿತು. ಡಾಕ್ಸಿಸ್ ಎಂದು ಅದರ ಹೆಸರು. ಕಂಬದಿಂದ ಬಂದ ಕೇಬಲ್ ಮನೆಯೊಳಗೆ ಸ್ಪ್ಲಿಟರ್ ಎಂಬ ಪುಟ್ಟ ಲೋಹದ ಡಬ್ಬಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲು ಟಿವಿಗೆ, ಇನ್ನೊಂದು ಮೋಡೆಮ್‌ಗೆ. ಕೇಬಲ್ಲಿನ ಅಲೆಗಳನ್ನು ಕಂಪ್ಯೂಟರಿನ ಭಾಷೆಗೆ, ಕಂಪ್ಯೂಟರಿನ ಭಾಷೆಯನ್ನು ಅಲೆಗಳಿಗೆ ಬದಲಾಯಿಸುವ ದುಭಾಷಿಯೇ ಮೋಡೆಮ್. ಅದರಿಂದ ಒಂದು ತಂತಿ ರೂಟರಿಗೆ ಹೋಗುತ್ತದೆ. ಬಂದ ಮಾಹಿತಿಯನ್ನು ಮನೆಯ ಫೋನು, ಲ್ಯಾಪ್‌ಟಾಪ್, ಟಿವಿಗಳಿಗೆ ಹಂಚುವುದು ರೂಟರಿನ ಕೆಲಸ. ಹಂಚುವುದು ಗಾಳಿಯ ಮೂಲಕವಾದರೆ ಅದೇ ವೈಫೈ. ಕೆಲವು ಮನೆಗಳಲ್ಲಿ ಮೋಡೆಮ್ ಮತ್ತು ರೂಟರ್ ಒಂದೇ ಪೆಟ್ಟಿಗೆಯೊಳಗೆ ಇರುವುದೂ ಉಂಟು.

ಕಂಬ, ಸ್ಪ್ಲಿಟರ್, ಮೋಡೆಮ್, ರೂಟರ್, ಗಾಳಿ, ಲ್ಯಾಪ್‌ಟಾಪ್. ಈ ಆರರಲ್ಲಿ ಎಲ್ಲಿ ಕಟ್ಟಿಕೊಂಡಿದೆ? ಪ್ರಶ್ನೆ ಇಷ್ಟೇ.

ಅಳತೆಗೆ ಮುನ್ನ ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಂಪನಿಯವರು ಹೇಳುವ ಎಂಬಿಪಿಎಸ್‌ನಲ್ಲಿರುವುದು ಮೆಗಾಬಿಟ್. ಫೈಲುಗಳನ್ನು ಅಳೆಯುವುದು ಮೆಗಾಬೈಟ್‌ನಲ್ಲಿ. ಎಂಟು ಬಿಟ್ ಸೇರಿದರೆ ಒಂದು ಬೈಟ್. ಆದ್ದರಿಂದ 100 ಎಂಬಿಪಿಎಸ್ ಕನೆಕ್ಷನ್ನಿನಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ 12.5 ಮೆಗಾಬೈಟ್. "ನೂರು ಅಂದರು, ಹನ್ನೆರಡು ಕೊಟ್ಟರು" ಎಂದು ಜಗಳಕ್ಕೆ ಹೋಗುವ ಮುನ್ನ ಈ ಎಂಟರ ಮಗ್ಗಿ ನೆನಪಿರಲಿ.

ಮೂರು ಜಾಗ, ಒಂದು ನೋಟ್‌ಪುಸ್ತಕ

ಭಾನುವಾರ ಬೆಳಿಗ್ಗೆ ಸೊಸೆಯ ಕೋಣೆಯ ಬಾಗಿಲು ತಟ್ಟಿದೆ. "ಬಾಮ್ಮ, ಕಳ್ಳನನ್ನು ಹುಡುಕೋಣ. ಒಂದು ನೋಟ್‌ಪುಸ್ತಕ ತಗೊಂಡು ಬಾ" ಎಂದೆ. ಭೌತಶಾಸ್ತ್ರದ ಪ್ರಯೋಗದ ಹಾಗೆ ಅವಳು ಪುಟಕ್ಕೆ ಗೆರೆ ಎಳೆದು ಕಾಲಂ ಮಾಡಿಕೊಂಡಳು: ಸಮಯ, ಜಾಗ, ವೇಗ.

ಮನೆಯ ಉಳಿದ ಫೋನುಗಳ ವೈಫೈಯನ್ನೆಲ್ಲ ಆರಿಸಿದೆವು. ಒಂದೇ ಲ್ಯಾಪ್‌ಟಾಪ್, ವೇಗ ಅಳೆಯುವ ಒಂದೇ ತಾಣ. ಅಳೆಯುವ ಕೋಲು ಬದಲಾದರೆ ಅಳತೆಗೆ ಅರ್ಥವಿಲ್ಲ. ಮೊದಲು ಅವಳ ಕೋಣೆಯಲ್ಲಿ ನೋಡಿದೆವು: 9 ಎಂಬಿಪಿಎಸ್. ಆಮೇಲೆ ಹಾಲಿನಲ್ಲಿ ರೂಟರಿನ ಪಕ್ಕ: 40. ಮೂರನೆಯದಾಗಿ ರೂಟರನ್ನು ಬಿಟ್ಟು, ಮೋಡೆಮ್‌ನಿಂದಲೇ ನೇರವಾಗಿ ಲ್ಯಾಪ್‌ಟಾಪಿಗೆ ತಂತಿ ಹಾಕಿದೆವು: 41.

ಇಲ್ಲೊಂದು ಕಿವಿಮಾತು. ಕೇಬಲ್ ಮೋಡೆಮ್ ತನಗೆ ಮೊದಲು ಜೋಡಿಸಿದ ಯಂತ್ರದ ಗುರುತನ್ನು ನೆನಪಿಟ್ಟುಕೊಳ್ಳುತ್ತದೆ. ರೂಟರನ್ನು ತೆಗೆದು ಲ್ಯಾಪ್‌ಟಾಪ್ ಹಾಕಿದರೆ ಎಷ್ಟೋ ಸಲ ಅದು ಪರಿಚಯವಿಲ್ಲದವರಂತೆ ಸುಮ್ಮನಿರುತ್ತದೆ. ಮೋಡೆಮ್‌ನ ವಿದ್ಯುತ್ ಪ್ಲಗ್ ಕಿತ್ತು, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಬೇಕು. ಅಳತೆ ಮುಗಿದೊಡನೆ ಲ್ಯಾಪ್‌ಟಾಪನ್ನು ಮತ್ತೆ ರೂಟರಿನ ಹಿಂದಕ್ಕೇ ತನ್ನಿ. ಹೊರಗಿನವರು ಒಳನುಗ್ಗದಂತೆ ತಡೆಯುವ ಕಾವಲುಗಾರನೂ ಅದೇ. ಹಾಗೆಯೇ, ಪೆಟ್ಟಿಗೆಯ ಹಿಂದೆ ಸೂಜಿಯಿಂದ ಒತ್ತುವಂಥ ಸಣ್ಣ ತೂತಿನಲ್ಲಿ ರೀಸೆಟ್ ಗುಂಡಿ ಇರುತ್ತದೆ. ಅದನ್ನು ಮುಟ್ಟಬೇಡಿ. ಅದು ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡುವ ಗುಂಡಿಯಲ್ಲ, ಒಳಗಿನ ಹೆಸರು, ಪಾಸ್‌ವರ್ಡ್ ಎಲ್ಲವನ್ನೂ ಅಳಿಸಿಹಾಕುವ ಗುಂಡಿ.

ಈಗ ಮೂರು ಅಂಕಿಗಳನ್ನು ನೋಡಿ. ಹಾಲಿನಲ್ಲಿ 40, ಮೋಡೆಮ್‌ನಲ್ಲಿ 41. ಅಂದರೆ ಅಲ್ಲಿ ರೂಟರಿನ ತಪ್ಪಿಲ್ಲ. ಆದರೆ ಬರಬೇಕಾದದ್ದು ನೂರು. ಹಾಗಾದರೆ ಒಂದು ದೋಷ ಮೋಡೆಮ್‌ಗಿಂತ ಮುಂಚೆಯೇ ಇದೆ. ಹಾಲಿನ 40 ಕೋಣೆಗೆ ಹೋಗುವಷ್ಟರಲ್ಲಿ 9 ಆಗಿದೆ. ಅದು ಎರಡನೆಯ ದೋಷ. "ಮಾವ, ನಾನು ಲ್ಯಾಪ್‌ಟಾಪ್ ಮುಟ್ಟೋಕೆ ಮುಂಚೆಯೇ ಅರವತ್ತು ಹೋಗಿಬಿಟ್ಟಿದೆ!" ಎಂದಳು ಹುಡುಗಿ. ಪೇಪರಿನ ಹಿಂದೆ ಭಾವನ ಕಿವಿ ನಿಮಿರಿದ್ದು ಕಾಣಿಸಿತು.

ಅಟ್ಟದ ಮೇಲಿನ ತುಕ್ಕು

ಅನೇಕ ಕೇಬಲ್ ಮೋಡೆಮ್‌ಗಳು ತಮ್ಮ ಆರೋಗ್ಯದ ವರದಿಯನ್ನು ತಾವೇ ಕೊಡುತ್ತವೆ. ಬ್ರೌಸರಿನಲ್ಲಿ 192.168.100.1 ಎಂದು ಬರೆದರೆ ಒಂದು ಪುಟ ತೆರೆದುಕೊಳ್ಳುತ್ತದೆ. ಅದರಲ್ಲಿ ಮೂರು ಅಂಕಿಗಳನ್ನು ನೋಡಿದರೆ ಸಾಕು. ಒಳಬರುವ ಸಂಕೇತದ ಬಲ −7ರಿಂದ +7ರ ನಡುವೆ ಇದ್ದರೆ ಒಳ್ಳೆಯದು. ಸಂಕೇತಕ್ಕೂ ಗದ್ದಲಕ್ಕೂ ಇರುವ ಅಂತರ 33 ಡೆಸಿಬೆಲ್‌ಗಿಂತ ಹೆಚ್ಚಿರಬೇಕು. ಹೊರಹೋಗುವ ಸಂಕೇತದ ಬಲ 50 ದಾಟಿದರೆ, ತನ್ನ ದನಿ ಕೇಳಿಸದೆ ಮೋಡೆಮ್ ಕಿರುಚಿಕೊಳ್ಳುತ್ತಿದೆ ಎಂದೇ ಅರ್ಥ.

ಅಕ್ಕನ ಮನೆಯ ಮೋಡೆಮ್‌ನಲ್ಲಿ ಇದ್ದದ್ದು −13, 29 ಮತ್ತು 51. ಮೂರೂ ಕಾಯಿಲೆಯ ಅಂಕಿಗಳೇ.

ಕೇಬಲ್ ಹಿಡಿದುಕೊಂಡೇ ಹೋದೆವು. ಅದು ಅಟ್ಟದ ಮೂಲೆಯಲ್ಲಿ ಮೂರು ಕವಲಿನ ಸ್ಪ್ಲಿಟರಿಗೆ ಸೇರಿತ್ತು. ಮಹಡಿಯ ಕೋಣೆಯಲ್ಲಿ ಹಿಂದೆ ಇನ್ನೊಂದು ಟಿವಿ ಇತ್ತಂತೆ. ಟಿವಿ ಹೋಗಿ ವರ್ಷಗಳಾದರೂ ಅದರ ಕವಲು ಮಾತ್ರ ಉಳಿದಿತ್ತು. ಮಳೆಗಾಲದಲ್ಲಿ ಗೋಡೆಯಿಂದ ಜಿನುಗಿದ ನೀರಿಗೆ ಮೋಡೆಮ್ ಕಡೆಯ ಪಿನ್ನು ತುಕ್ಕು ಹಿಡಿದು ಹಸಿರಾಗಿತ್ತು.

ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನಿಸಬೇಕು. ಡೆಸಿಬೆಲ್ ಲೆಕ್ಕದಲ್ಲಿ 3 ಕಡಿಮೆಯಾದರೆ ಬಲ ಅರ್ಧಕ್ಕೆ ಇಳಿಯಿತು ಎಂದರ್ಥ. ಎರಡು ಕವಲಿನ ಸ್ಪ್ಲಿಟರಿನಲ್ಲಿ ಪ್ರತಿ ಕವಲಿಗೂ ಸುಮಾರು 3.5 ಡೆಸಿಬೆಲ್ ನಷ್ಟ. ಮೂರು ಕವಲಿನದರಲ್ಲಿ ಸಾಮಾನ್ಯವಾಗಿ ಒಂದಕ್ಕೆ 3.5, ಉಳಿದೆರಡಕ್ಕೆ ಸುಮಾರು 7. ಏಳು ಡೆಸಿಬೆಲ್ ಹೋದರೆ ಉಳಿಯುವುದು ಐದರಲ್ಲಿ ಒಂದು ಪಾಲು ಮಾತ್ರ. ಮೋಡೆಮ್‌ಗೆ ಸಿಕ್ಕಿದ್ದದ್ದು ಆ ಏಳರ ಕವಲು, ಮೇಲೆ ತುಕ್ಕು ಬೇರೆ. ಸಂಕೇತ ಸೊರಗಿದಾಗ ಮಾಹಿತಿಯ ತುಂಡುಗಳು ದಾರಿಯಲ್ಲಿ ಕೆಡುತ್ತವೆ, ಕೆಟ್ಟದ್ದನ್ನು ಮತ್ತೆ ಕಳಿಸಬೇಕಾಗುತ್ತದೆ, ವೇಗ ಕುಸಿಯುತ್ತದೆ.

ಭಾವ ಅದಕ್ಕೆ ಮುಂಚೆ ಎರಡು ಸಲ ಕಂಪನಿಗೆ ಫೋನ್ ಮಾಡಿದ್ದರು. "ನಮ್ಮ ಕಡೆ ಎಲ್ಲ ಸರಿಯಿದೆ ಸಾರ್, ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರ ಬಂದಿತ್ತು. ಈ ಸಲ ನೋಟ್‌ಪುಸ್ತಕ ಹಿಡಿದು ಸೊಸೆಯೇ ಮಾತಾಡಿದಳು. ತಂತಿಯಲ್ಲಿ ಇಷ್ಟು ವೇಗ, ಸಂಕೇತದ ಬಲ −13, ಹೊರಹೋಗುವುದು 51 ಎಂದು ಒಂದೊಂದಾಗಿ ಓದಿದಳು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹುಡುಗನೊಬ್ಬ ಏಣಿ ಸಮೇತ ಬಂದ. ಎರಡು ಕವಲಿನ ಹೊಸ ಸ್ಪ್ಲಿಟರ್ ಹಾಕಿ, ತುಕ್ಕು ಹಿಡಿದ ಕನೆಕ್ಟರ್ ಕತ್ತರಿಸಿ ಹೊಸದು ಕೂರಿಸಿ ಹತ್ತು ನಿಮಿಷದಲ್ಲಿ ಹೋದ. ಒಳಬರುವ ಬಲ −6ಕ್ಕೆ ಏರಿತ್ತು, ಅಂತರ 36 ಆಗಿತ್ತು, ಹೊರಹೋಗುವುದು 45ಕ್ಕೆ ಇಳಿದಿತ್ತು. ಮೋಡೆಮ್‌ಗೆ ತಂತಿ ಹಾಕಿ ಅಳೆದರೆ 94 ಎಂಬಿಪಿಎಸ್.

ನೂರಕ್ಕೆ ಆರು ಎಲ್ಲಿ ಹೋಯಿತು? ಅದು ಕಳ್ಳತನವಲ್ಲ. ಮಾಹಿತಿಯ ಪ್ರತಿ ತುಂಡಿನ ಮೇಲೂ ವಿಳಾಸ ಬರೆದ ಲಕೋಟೆ ಇರುತ್ತದೆ, ಆ ಲಕೋಟೆಗೂ ಜಾಗ ಬೇಕು. ನೂರರ ತಂತಿಯಲ್ಲಿ 94-95 ಬಂದರೆ ಪೂರ್ತಿ ಬಂದ ಹಾಗೆಯೇ. ಆದರೆ ಮುನ್ನೂರರ ಪ್ಲಾನ್ ಹಾಕಿಸಿಯೂ 94ರಲ್ಲೇ ನಿಂತಿದ್ದರೆ ರೂಟರಿನ ರಂಧ್ರವೋ ತಂತಿಯೋ ಹಳೆಯ ಕಾಲದ್ದು ಎಂದು ತಿಳಿಯಿರಿ. ತಂತಿಯೊಳಗಿನ ಎಂಟು ಎಳೆಗಳಲ್ಲಿ ಒಂದು ಕಡಿದರೂ ವೇಗ ನೂರಕ್ಕೆ ಇಳಿಯಬಹುದು. ಭಾವ ಅವಸರದಲ್ಲಿ ದೊಡ್ಡ ಪ್ಲಾನ್ ಹಾಕಿಸಿದ್ದರೆ ಅವರ ಹಳೆಯ ರೂಟರಿನಲ್ಲಿ ಇದೇ ಆಗುತ್ತಿತ್ತು.

ಟಿವಿಯ ಹಿಂದೆ ಅಡಗಿದ ರೂಟರು

ಈಗ ಹಾಲಿನಲ್ಲಿ 90. ಕೋಣೆಯಲ್ಲಿ ಮಾತ್ರ 11. ರೂಟರ್ ಎಲ್ಲಿದೆ ಎಂದು ನೋಡಿದರೆ, ಅಂದ ಕೆಡುತ್ತದೆಂದು ಅಕ್ಕ ಅದನ್ನು ಟಿವಿಯ ಹಿಂದೆ, ಸ್ಟೀಲ್ ಬೀರುವಿನ ಸಂದಿಯಲ್ಲಿ ಬಚ್ಚಿಟ್ಟಿದ್ದಳು. ಅಲ್ಲಿಂದ ಕೋಣೆಗೆ ಅಲೆಗಳು ಬೀರು, ಫ್ರಿಜ್ಜು, ಎರಡು ಗೋಡೆ ದಾಟಿಕೊಂಡು ಹೋಗಬೇಕು. ರೇಡಿಯೊ ಅಲೆಗಳಿಗೆ ಲೋಹ ಕಂಡರೆ ಆಗದು, ಹಿಂದಕ್ಕೆ ಪುಟಿಯುತ್ತವೆ. ನೀರು ಅವನ್ನು ಹೀರಿಬಿಡುತ್ತದೆ.

ಉದ್ದನೆಯ ತಂತಿ ತಂದು ರೂಟರನ್ನು ಮನೆಯ ನಡುವಿನ ಪಡಸಾಲೆಯ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ ಕೂರಿಸಿದೆವು. ವೈಫೈಗೆ ಸಾಮಾನ್ಯವಾಗಿ ಎರಡು ದಾರಿಗಳಿವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದು ದೂರ ಹೋಗುತ್ತದೆ, ಗೋಡೆ ದಾಟುತ್ತದೆ, ಆದರೆ ಅಲ್ಲಿ ಜಾತ್ರೆ. ನೆರೆಮನೆಗಳ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಒಲೆ ಎಲ್ಲವೂ ಅದರ ಸುತ್ತಮುತ್ತಲೇ. ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಇವುಗಳಲ್ಲಿ ನೆರೆಯವರು ಬಳಸದ ಒಂದನ್ನು ಆರಿಸಿಕೊಳ್ಳಬೇಕು. ಎರಡನೆಯದರಲ್ಲಿ ವೇಗ ಹೆಚ್ಚು, ಗದ್ದಲ ಕಡಿಮೆ, ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ. ರೂಟರ್ ನಡುಮನೆಗೆ ಬಂದದ್ದರಿಂದ ಸೊಸೆಯ ಕೋಣೆಗೆ ಈಗ ಒಂದೇ ಗೋಡೆ. 5 ಗಿಗಾಹರ್ಟ್ಸ್‌ನಲ್ಲಿ ಅಳೆದರೆ 48 ಬಂತು. ನೇರ ತರಗತಿಗೆ ಧಾರಾಳವಾಗಿ ಸಾಕು.

ಗೆದ್ದೆವು ಎಂದುಕೊಂಡೆವು.

ಸಂಜೆ ಏಳೂವರೆಯ ಕಳ್ಳ

ಸೋಮವಾರ ಸಂಜೆ ಏಳಕ್ಕೆ ಕ್ಲಾಸು ಶುರುವಾಯಿತು. ಏಳೂವರೆಗೆ ಮೇಷ್ಟರ ಮುಖ ಕಲ್ಲಿನಂತೆ ನಿಂತುಬಿಟ್ಟಿತು! "ನೋಡಿದೆಯಾ? ನಾನು ಹೇಳಲಿಲ್ಲವಾ?" ಎಂದರು ಆಗಷ್ಟೇ ಬ್ಯಾಂಕಿನಿಂದ ಬಂದಿದ್ದ ಭಾವ. ಹುಡುಗಿಯ ಕಣ್ಣಲ್ಲಿ ನೀರು.

ಮತ್ತೆ ನೋಟ್‌ಪುಸ್ತಕ. ಈ ಸಲ ವೇಗವನ್ನಲ್ಲ, ತಡವನ್ನು ಅಳೆದೆವು. ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆಜ್ಞೆಯಿದೆ. ಅದು ಒಂದು ಕೂಗು ಹಾಕಿ, ಮಾರುತ್ತರ ಬರಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಮೊದಲು ರೂಟರಿಗೇ ಕೂಗಿದೆವು (ಅನೇಕ ರೂಟರುಗಳ ವಿಳಾಸ 192.168.1.1): 3 ಮಿಲಿಸೆಕೆಂಡ್. ಮನೆಯೊಳಗಿನ ಗಾಳಿ ಸರಿಯಿದೆ. ಆಮೇಲೆ ಹೊರಗಿನ 8.8.8.8ಕ್ಕೆ ಕೂಗಿದೆವು, ಅದು ಗೂಗಲ್ ಸಂಸ್ಥೆಯ ಸಾರ್ವಜನಿಕ ವಿಳಾಸ. ಬೆಳಿಗ್ಗೆ 20 ಇದ್ದದ್ದು ಈಗ 640 ಮಿಲಿಸೆಕೆಂಡ್. ರೂಟರಿನಿಂದ ಹೊರಗೆ ಹೋಗುವ ಬಾಗಿಲಲ್ಲಿ ಯಾರೋ ಅಡ್ಡ ನಿಂತಿದ್ದಾರೆ.

ಮನೆಯ ಒಂದೊಂದೇ ಸಾಧನದ ವೈಫೈ ಆರಿಸುತ್ತ ಬಂದೆವು. ಅಕ್ಕನ ಫೋನ್ ಆರಿಸಿದಾಗ 640. ಟಿವಿ ಆರಿಸಿದಾಗ 630. ಭಾವನ ಫೋನ್ ಆರಿಸಿದೊಡನೆ 22!

ಆದದ್ದು ಇಷ್ಟು. ಭಾವ ನೆಂಟರ ಮದುವೆಯ ವಿಡಿಯೊಗಳನ್ನೆಲ್ಲ ಫೋನಿನಲ್ಲಿ ತುಂಬಿಕೊಂಡಿದ್ದರು. ಸಂಜೆ ಮನೆಗೆ ಬಂದು ಫೋನನ್ನು ಚಾರ್ಜಿಗೆ ಹಾಕುತ್ತಿದ್ದಂತೆ ಅದು ವೈಫೈ ಹಿಡಿದು ಆ ವಿಡಿಯೊಗಳನ್ನು ದೂರದ ಸರ್ವರಿಗೆ ಏರಿಸಲು ತೊಡಗುತ್ತಿತ್ತು. ಮಲಗುವಾಗ ಅವರು ಫೋನ್ ಆರಿಸಿಬಿಡುತ್ತಿದ್ದರು. ಮರುದಿನ ಸಂಜೆ ಮತ್ತೆ ಅದೇ. ಕೇಬಲ್ ಕನೆಕ್ಷನ್‌ಗಳಲ್ಲಿ ಇಳಿಯುವ ದಾರಿ ಅಗಲವಾಗಿದ್ದರೂ ಏರುವ ದಾರಿ ಸಾಮಾನ್ಯವಾಗಿ ಕಿರಿದು. ಇವರದು 5 ಎಂಬಿಪಿಎಸ್. ಉಳಿದ ವಿಡಿಯೊಗಳನ್ನು ಕೂಡಿದರೆ ಸುಮಾರು 27 ಗಿಗಾಬೈಟ್. ಸೊಸೆ ಅಲ್ಲೇ ಲೆಕ್ಕ ಹಾಕಿದಳು: ಐದನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 0.625 ಮೆಗಾಬೈಟ್, ಎರಡು ಗಂಟೆಗೆ 4,500 ಮೆಗಾಬೈಟ್. "ಇನ್ನೂ ಆರು ಸಂಜೆ ಬೇಕು ಮಾವ."

ಏರುವ ದಾರಿ ಕಟ್ಟಿಕೊಂಡರೆ ಇಳಿಯುವುದೂ ಏಕೆ ನಿಲ್ಲಬೇಕು? ಹಿಂದೆ ರಿಜಿಸ್ಟರ್ ಅಂಚೆ ಕಳಿಸಿದವರು ಸ್ವೀಕೃತಿ ಚೀಟಿ ಬರುವ ತನಕ ಕಾಯುತ್ತಿದ್ದುದನ್ನು ನೆನಪಿಸಿಕೊಳ್ಳಿ. ಇಂಟರ್‌ನೆಟ್ಟಿನಲ್ಲಿಯೂ ಹೆಚ್ಚಿನ ಮಾಹಿತಿಗೆ "ಬಂತು" ಎಂಬ ಚೀಟಿ ವಾಪಸು ಹೋಗಬೇಕು. ಹೋಗದಿದ್ದರೆ ಆ ಕಡೆಯವರು ಮುಂದಿನದನ್ನು ಕಳಿಸಲು ತಡಮಾಡುತ್ತಾರೆ. ಮದುವೆಯ ವಿಡಿಯೊಗಳ ಹಿಂದೆ ಈ ಪುಟ್ಟ ಚೀಟಿಗಳು ಸರದಿಯಲ್ಲಿ ಸಿಕ್ಕಿಕೊಂಡಿದ್ದವು. ಭಾವನಿಗೆ ಇದು ತಿಳಿಯದೇ ಹೋದದ್ದೂ ಸಹಜ. ಸಿನಿಮಾ, ಹಾಡುಗಳು ಸ್ವಲ್ಪ ಮುಂದಿನದನ್ನು ಮೊದಲೇ ತುಂಬಿಟ್ಟುಕೊಳ್ಳುವುದರಿಂದ ತಡ ಕಾಣಿಸುವುದಿಲ್ಲ. ನೇರ ತರಗತಿಗೆ ಆ ಸೌಕರ್ಯವಿಲ್ಲ.

ಈ ಬಗೆಯ ದಟ್ಟಣೆ ಇಂಟರ್‌ನೆಟ್ಟಿಗೆ ಹೊಸದೇನೂ ಅಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಗೆ ಕೇವಲ 400 ಗಜ ದೂರದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗೆ ಕುಸಿದುಬಿಟ್ಟಿತು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಮಾಹಿತಿಯ ತುಂಡುಗಳ ಬೆನ್ನು ಹತ್ತಿ ಅಳೆದರು. ದಾರಿ ಕಟ್ಟಿಕೊಂಡಾಗ ಕಂಪ್ಯೂಟರುಗಳು ಸುಮ್ಮನಿರದೆ ಮತ್ತೆ ಮತ್ತೆ ಕಳಿಸಿ ದಟ್ಟಣೆಯನ್ನು ಇನ್ನೂ ಹೆಚ್ಚಿಸುತ್ತಿವೆ ಎಂದು ಕಂಡುಕೊಂಡರು. ಚೀಟಿ ಬರುವ ಲಯ ನೋಡಿ ವೇಗ ತಗ್ಗಿಸುವ ಉಪಾಯವನ್ನು 1988ರಲ್ಲಿ ಪ್ರಕಟಿಸಿದರು. ಇಂದಿನ ಇಂಟರ್‌ನೆಟ್ ಈ ತತ್ವದ ಮೇಲೆಯೇ ನಿಂತಿದೆ.

ಭಾವ ಏನೂ ಮಾತಾಡಲಿಲ್ಲ. ಫೋನ್ ತೆಗೆದುಕೊಂಡು ಆ ಏರಿಕೆಯನ್ನು ನಿಲ್ಲಿಸಿದರು. ಇನ್ನು ಮೇಲೆ ರಾತ್ರಿ ಮಲಗುವಾಗ ಚಾರ್ಜಿಗೆ ಹಾಕಿ, ಆರಿಸದೆ ಬಿಡುವುದೆಂದು ತೀರ್ಮಾನವಾಯಿತು. ಒಂಬತ್ತು ಗಂಟೆಗೆ ಮಗಳ ಕೋಣೆಯ ಬಾಗಿಲಲ್ಲಿ ನಿಂತು, "ಪೂರ್ತಿ ಆಯಿತೇನಮ್ಮ ಕ್ಲಾಸು?" ಎಂದು ಕೇಳಿದರು. "ಆಯಿತು ಅಪ್ಪ" ಎಂದಳು. ಮೂರು ದಿನದ ಮೇಲೆ ಅವರಿಬ್ಬರ ಮೊದಲ ಮಾತು ಅದು.

ನೀವೂ ಮಾಡಿ ನೋಡಿ

ವಿದ್ಯಾರ್ಥಿಗಳೇ, ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಳೆಯಿರಿ. ಮೋಡೆಮ್‌ಗೆ ತಂತಿ ಹಾಕಿ, ರೂಟರಿನ ಪಕ್ಕ, ನಿಮ್ಮ ಕೋಣೆ ಹೀಗೆ ಮೂರು ಜಾಗ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಎಲ್ಲ ಸಾಧನ ಆರಿಸಿದ್ದರೂ ತಂತಿಯಲ್ಲಿ ಬೆಳಿಗ್ಗೆ ಪೂರ್ತಿ, ಸಂಜೆ ಮಾತ್ರ ಕಡಿಮೆ ಎಂದಾದರೆ ಬೀದಿಯ ಕೇಬಲ್ಲಿನಲ್ಲೇ ಜನದಟ್ಟಣೆ ಇರಬೇಕು. ಆ ಕೇಬಲ್ಲನ್ನು ನೆರೆಹೊರೆಯವರೆಲ್ಲ ಹಂಚಿಕೊಂಡಿರುತ್ತಾರೆ. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಪ್ಲಾನಿನ ಮಿತಿ ಮುಗಿದಿದೆಯೇ ನೋಡಿ. ಫೈಬರ್ ಇರುವ ಮನೆಯವರು ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕೆಂಪು ದೀಪ ಉರಿಯುತ್ತಿದೆಯೇ ಗಮನಿಸಿ. ಉರಿದರೆ ಹೊರಗಿನ ಬೆಳಕೇ ಬರುತ್ತಿಲ್ಲ ಎಂದರ್ಥ. ಕಂಬ ಹತ್ತುವುದು, ಬೀದಿಯ ಪೆಟ್ಟಿಗೆ ತೆರೆಯುವುದು ಮಾತ್ರ ಬೇಡ. ಅದು ಅವರ ಕೆಲಸ.

ಪೋಷಕರೇ, ದೂರು ಕೊಡುವಾಗ ಅಂಕಿಗಳನ್ನು ಹೇಳಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಟ್ರಾಯ್ ಸಂಸ್ಥೆಯ 2012ರ ನಿಯಮಗಳ ಪ್ರಕಾರ, ದೂರಿಗೆ ಪರಿಹಾರ ಸಿಗದಿದ್ದರೆ ಕಂಪನಿಯಲ್ಲೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಆಗ ಆ ಸಂಖ್ಯೆ ಬೇಕಾಗುತ್ತದೆ. ಇನ್ನೊಂದು ಮಾತು. ಮಗನನ್ನೋ ಮಗಳನ್ನೋ ಗದರುವ ಮುನ್ನ ನಿಮ್ಮ ಫೋನಿನ ವೈಫೈಯನ್ನೂ ಒಮ್ಮೆ ಆರಿಸಿ ನೋಡಿ.